ಮೈಸಂದುಗಳ ನವೆ: ತಡೆಯುವುದು ಹೇಗೆ, ಶಮನ ಹೇಗೆ?



ಇಂದಿನ ಮಾತಿಗೆ ಆರಿಸಿಕೊಂಡಿರುವ ವಿಷಯ ಸಾಮಾನ್ಯವಾಗಿ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳಿಕೊಳ್ಳದ ವಿಷಯ. ತಲೆ ನೋಯುತ್ತಿದ್ದರೆ ಅಮ್ಮನಿಗೆ ಹೇಳುತ್ತೀರಿ. ಹಲ್ಲು ನೋಯುತ್ತಿದ್ದರೆ ಅಪ್ಪನ ಜೊತೆ ಆಸ್ಪತ್ರೆಗೆ ಹೋಗುತ್ತೀರಿ. ಆದರೆ ತೊಡೆಸಂದಿನಲ್ಲಿ ನವೆ ಎದ್ದರೆ, ಕಂಕುಳಲ್ಲಿ ಕೆಂಪು ದದ್ದು ಕಂಡರೆ, ಸ್ತನದ ಕೆಳಗಿನ ಮಡಿಕೆಯಲ್ಲಿ ಉರಿ ಹತ್ತಿದರೆ ಯಾರಿಗೂ ಹೇಳುವುದಿಲ್ಲ. ತರಗತಿಯಲ್ಲಿ ಕುಳಿತಲ್ಲಿ ಕೂರಲಾಗದೆ ಚಡಪಡಿಸುತ್ತೀರಿ, ರಾತ್ರಿ ನಿದ್ದೆಗೆಡುತ್ತೀರಿ, ಕೊನೆಗೆ ಗೆಳೆಯರು ಹೇಳಿದ ಯಾವುದೋ ಟ್ಯೂಬನ್ನು ಅಂಗಡಿಯಿಂದ ತಂದು ಗುಟ್ಟಾಗಿ ಹಚ್ಚಿಕೊಳ್ಳುತ್ತೀರಿ. ಈ ತೊಂದರೆ ಚಿಕ್ಕದು, ಆರಂಭದಲ್ಲಿ ಸುಲಭವಾಗಿ ವಾಸಿಯಾಗುವಂಥದು. ಅದನ್ನು ದೊಡ್ಡದು ಮಾಡುವುದು ಹೆಚ್ಚಿನ ಸಲ ಈ ಗುಟ್ಟೇ. ಆದ್ದರಿಂದ ಇಂದು ಇದನ್ನು ಸಂಕೋಚವಿಲ್ಲದೆ ಮಾತನಾಡೋಣ.

ಮಡಿಕೆಯೊಳಗೆ ನಡೆಯುವುದೇನು?

ಚರ್ಮ ನಮ್ಮ ದೇಹದ ಅತ್ಯಂತ ದೊಡ್ಡ ಅಂಗಗಳಲ್ಲಿ ಒಂದು. ಬೆಳೆದ ಮನುಷ್ಯನ ಚರ್ಮವನ್ನು ಹರಡಿದರೆ ಒಂದೂವರೆಯಿಂದ 2 ಚದರ ಮೀಟರಿನಷ್ಟಾಗುತ್ತದೆ. ಅದರಲ್ಲಿ ಸುಮಾರು 20 ಲಕ್ಷದಿಂದ 40 ಲಕ್ಷ ಬೆವರಿನ ಗ್ರಂಥಿಗಳಿವೆ. ಬೆವರು ಮೈಯನ್ನು ತಂಪು ಮಾಡುವುದು ಅದು ಒದ್ದೆಯಾಗಿದೆ ಎಂಬ ಕಾರಣಕ್ಕಲ್ಲ, ಅದು ಆವಿಯಾಗುತ್ತದೆ ಎಂಬ ಕಾರಣಕ್ಕೆ. ಭೌತವಿಜ್ಞಾನದ ಪಾಠದಲ್ಲಿ ಓದಿದ ಗುಪ್ತೋಷ್ಣವನ್ನು ನೆನಪಿಸಿಕೊಳ್ಳಿ. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 580 ಕ್ಯಾಲೊರಿಯಷ್ಟು ಶಾಖವನ್ನು ಹೀರಿಕೊಂಡು ಹೋಗುತ್ತದೆ.

ಬೆನ್ನಿನ ಮೇಲೆ, ತೋಳಿನ ಮೇಲೆ ಗಾಳಿ ಆಡುತ್ತದೆ, ಬೆವರು ಆರುತ್ತದೆ. ಆದರೆ ಚರ್ಮಕ್ಕೆ ಚರ್ಮ ತಾಗಿಕೊಂಡಿರುವ ಜಾಗಗಳಲ್ಲಿ, ಅಂದರೆ ಕಂಕುಳು, ತೊಡೆಸಂದು, ಸ್ತನಗಳ ಕೆಳಭಾಗ, ಹೊಟ್ಟೆಯ ಮಡಿಕೆ, ಕಾಲ್ಬೆರಳುಗಳ ನಡುವೆ, ಎಳೆಮಕ್ಕಳ ಕುತ್ತಿಗೆಯ ಮಡಿಕೆಗಳಲ್ಲಿ ಗಾಳಿಗೆ ದಾರಿಯಿಲ್ಲ. ಬೆವರು ಅಲ್ಲೇ ನಿಲ್ಲುತ್ತದೆ. ಬೆರಳಿಗೆ ಸುತ್ತಿದ ಪಟ್ಟಿಯನ್ನು ಎರಡು ದಿನ ಬಿಟ್ಟು ಬಿಚ್ಚಿದಾಗ ಕೆಳಗಿನ ಚರ್ಮ ಬಿಳಿಚಿಕೊಂಡು ಮೆತ್ತಗಾಗಿರುವುದನ್ನು ನೀವು ಕಂಡಿರಬಹುದು. ಮಡಿಕೆಯೊಳಗಿನ ಚರ್ಮವೂ ಹೀಗೆಯೇ ನೆನೆದು ಮೆತ್ತಗಾಗುತ್ತದೆ. ನಡೆಯುವಾಗ, ಓಡುವಾಗ, ಸೈಕಲ್ ತುಳಿಯುವಾಗ ಈ ನೆನೆದ ಚರ್ಮ ಒಂದಕ್ಕೊಂದು ಉಜ್ಜಿಕೊಳ್ಳುತ್ತದೆ. ಮೇಲ್ಪದರ ಸವೆದು ಕೆಂಪಾಗುತ್ತದೆ, ಉರಿಯುತ್ತದೆ. ವೈದ್ಯರು ಇದನ್ನು ಇಂಟರ್‌ಟ್ರೈಗೊ ಎನ್ನುತ್ತಾರೆ. ತೇವ, ಶಾಖ, ತಿಕ್ಕಾಟ ಮತ್ತು ಗಾಳಿಯ ಕೊರತೆ, ಈ ನಾಲ್ಕು ಸೇರಿದಲ್ಲಿ ಇದು ಹುಟ್ಟುತ್ತದೆ. ಇದು ಅಂಟುರೋಗವಲ್ಲ, ಕೊಳಕುತನದ ಗುರುತೂ ಅಲ್ಲ. ದಿನಕ್ಕೆರಡು ಬಾರಿ ಸ್ನಾನ ಮಾಡುವವರಿಗೂ ಇದು ಬರುತ್ತದೆ.

ನಮ್ಮ ನಾಡಿನ ಹವೆಯನ್ನೇ ನೋಡಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗ್ಗದ ಮೇಲಿನ ಬಟ್ಟೆ ಒಣಗುವುದೇ ಕಷ್ಟ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ಗದ್ದೆಯ ಕೆಸರಿನಲ್ಲಿ ದಿನವಿಡೀ ನಿಂತು ನಾಟಿ ಮಾಡುವವರ ಕಾಲ್ಬೆರಳ ಸಂದುಗಳು ಬಿಳಿಚಿ ಬಿರಿಯುತ್ತವೆ. ಕಾರಣ ಬೇರೆ ಬೇರೆಯಾಗಿ ಕಂಡರೂ ಚರ್ಮದ ಮಟ್ಟಿಗೆ ಕಥೆ ಒಂದೇ.

ಸವೆದ ಚರ್ಮಕ್ಕೆ ಬರುವ ಅತಿಥಿಗಳು

ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯವಾಗಿರುತ್ತದೆ, ಪಿ.ಎಚ್. ಸುಮಾರು 5. ಈ ಆಮ್ಲೀಯತೆಯೂ ಒಣಗಿರುವ ಮೇಲ್ಪದರವೂ ಸೂಕ್ಷ್ಮಜೀವಿಗಳನ್ನು ಹದ್ದಿನಲ್ಲಿಡುತ್ತವೆ. ಮಡಿಕೆಗಳಲ್ಲಿ ಈ ಎರಡೂ ರಕ್ಷಣೆ ಸಡಿಲವಾಗುತ್ತದೆ. ಆಗ ಸೋಂಕು ತಗಲುತ್ತದೆ. ಸಾಮಾನ್ಯವಾದ ಮೂರು ಬಗೆಗಳನ್ನು ತಿಳಿದುಕೊಳ್ಳಿ.

ಮೊದಲನೆಯದು ಕ್ಯಾಂಡಿಡಾ ಎಂಬ ಯೀಸ್ಟ್. ಅದು ಎಷ್ಟೋ ಮಂದಿಯ ಬಾಯಿ, ಕರುಳುಗಳಲ್ಲಿ ತೊಂದರೆ ಕೊಡದೆ ಇರುವಂಥದೇ. ನೆನೆದ ಚರ್ಮ ಸಿಕ್ಕಾಗ ಬೆಳೆಯುತ್ತದೆ. ಮಡಿಕೆಯ ನಡುವೆ ಹಸಿ ಮಾಂಸದಂತೆ ಕಡುಗೆಂಪು, ಸುತ್ತಲೂ ಚದುರಿದಂತೆ ಸಣ್ಣ ಸಣ್ಣ ಗುಳ್ಳೆಗಳು ಇದರ ಲಕ್ಷಣ. ಸಕ್ಕರೆ ಕಾಯಿಲೆಯವರಲ್ಲಿ ಇದು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ. ನಿಮ್ಮ ಮನೆಯ ಹಿರಿಯರಲ್ಲಿ ಯಾರಿಗಾದರೂ ಮಡಿಕೆಯ ಹುಣ್ಣು ಪದೇ ಪದೇ ಬರುತ್ತಿದ್ದರೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಲು ಹೇಳಿ. ಎಷ್ಟೋ ಸಲ ಸಕ್ಕರೆ ಕಾಯಿಲೆಯ ಮೊದಲ ಸುಳಿವು ಸಿಗುವುದು ಇಲ್ಲಿಯೇ.

ಎರಡನೆಯದು ಬ್ಯಾಕ್ಟೀರಿಯಾ. ಕೀವು, ದುರ್ವಾಸನೆ, ನೋವು ಇದ್ದರೆ ಇದರ ಶಂಕೆ ಬರಬೇಕು. ಇವುಗಳಲ್ಲಿ ಒಂದು ಜಾತಿ ನೋವಿಲ್ಲದ ಕಂದು ಬಣ್ಣದ ಕಲೆಯನ್ನಷ್ಟೇ ಉಂಟುಮಾಡುತ್ತದೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಅವರ ಹೆಸರಿನ ದೀಪದ ನೇರಳಾತೀತ ಬೆಳಕನ್ನು ಈ ಕಲೆಯ ಮೇಲೆ ಕತ್ತಲ ಕೋಣೆಯಲ್ಲಿ ಹಾಯಿಸಿದರೆ ಅದು ಹವಳದ ಕೆಂಪಿನಲ್ಲಿ ಹೊಳೆಯುತ್ತದೆ. ಭೌತವಿಜ್ಞಾನ ವೈದ್ಯರ ಕೈಗೆ ಬಂದ ಒಂದು ಸೊಗಸಾದ ಉದಾಹರಣೆ ಇದು.

ಮೂರನೆಯದು ನೀವೆಲ್ಲ ಹೆಸರು ಕೇಳಿರುವ ಗಜಕರ್ಣ, ಕೆಲವೆಡೆ ಹುಳುಕಡ್ಡಿ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ರಿಂಗ್‌ವರ್ಮ್. ಹೆಸರಿನಲ್ಲಿ ಹುಳುವಿದ್ದರೂ ರೋಗದಲ್ಲಿ ಹುಳುವಿಲ್ಲ. ಇದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿ. ಚರ್ಮದ ಮೇಲ್ಪದರ, ಕೂದಲು, ಉಗುರುಗಳಲ್ಲಿರುವ ಕೆರಾಟಿನ್ ಎಂಬ ಪ್ರೋಟೀನು ಇದರ ಆಹಾರ. ರೋಗಿಯ ಚರ್ಮದಲ್ಲಿ ಶಿಲೀಂಧ್ರವನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ವಿವರಿಸಿದವರಲ್ಲಿ ಮೊದಲಿಗರು 1840ರ ದಶಕದಲ್ಲಿ ಪ್ಯಾರಿಸ್‌ನಲ್ಲಿದ್ದ ಡೇವಿಡ್ ಗ್ರೂಬಿ. ಗಜಕರ್ಣ ಉಂಗುರದಂತೆ ಹೊರಕ್ಕೆ ಹಬ್ಬುತ್ತದೆ. ಅಂಚು ಉಬ್ಬಿ, ಹೊಟ್ಟು ಎದ್ದು ಕೆಂಪಾಗಿರುತ್ತದೆ, ನಡುವಿನ ಭಾಗ ಮಾಸಿದಂತಿರುತ್ತದೆ. ನವೆ ವಿಪರೀತ. ಇದು ಮಾತ್ರ ಅಂಟುವ ರೋಗ. ಟವೆಲ್, ಒಳಉಡುಪು, ಹಾಸಿಗೆ ಹಂಚಿಕೊಂಡರೆ ಒಬ್ಬರಿಂದ ಒಬ್ಬರಿಗೆ ಬರುತ್ತದೆ.

ತೊಡೆಸಂದಿನ ಗಜಕರ್ಣಕ್ಕೆ ಬ್ರಿಟಿಷರ ಕಾಲದಲ್ಲಿ ‘ದೋಬಿ ಇಚ್’ ಎಂಬ ಹೆಸರು ಬಿತ್ತು. ಬಟ್ಟೆ ಒಗೆಯುವ ಮಡಿವಾಳರಿಂದಲೇ ಈ ನವೆ ಬಂದಿತೆಂದು ದೊರೆಗಳು ಭಾವಿಸಿದ್ದರು. ನಮ್ಮ ಸೆಕೆಯಲ್ಲಿ ದಪ್ಪ ಉಡುಪು ತೊಟ್ಟು ಬೆವರುತ್ತಿದ್ದ ತಮ್ಮ ಮೈಯ ಬಗ್ಗೆ ಯೋಚಿಸಿದವರು ಕಡಿಮೆ. ಊರಿನ ಬಟ್ಟೆಯನ್ನೆಲ್ಲ ಬಿಸಿಲಿಗೆ ಒಣಹಾಕಿ ಇಸ್ತ್ರಿ ಮಾಡಿ ಕೊಡುತ್ತಿದ್ದವರ ಮೇಲೆಯೇ ಆರೋಪ ನಿಂತಿತು. ಇಂಗ್ಲಿಷ್ ಪುಸ್ತಕಗಳಲ್ಲಿ ಆ ಹೆಸರು ಈಗಲೂ ಆಗೀಗ ಕಾಣಿಸುತ್ತದೆ. ರೋಗಕ್ಕೆ ಯಾರನ್ನಾದರೂ ಹೊಣೆ ಮಾಡುವ ಮೊದಲು ಅದರ ಕಾರಣ ತಿಳಿಯಬೇಕು ಎಂಬುದಕ್ಕೆ ಇದೊಂದು ಪಾಠ.

ದಿನದಿನದ ಎಚ್ಚರ

ತಡೆಯುವ ಕ್ರಮಗಳಿಗೆ ದುಡ್ಡು ಬೇಕಿಲ್ಲ, ಅಭ್ಯಾಸ ಬೇಕು. ಮುಖ್ಯವಾದುದು ಒಂದೇ: ಮಡಿಕೆಗಳನ್ನು ಒಣಗಿಸಿ ಇಡುವುದು.

ಸ್ನಾನವಾದ ಕೂಡಲೇ ಒದ್ದೆ ಮೈಯ ಮೇಲೆ ಬಟ್ಟೆ ತೊಡುವುದು ನಮ್ಮಲ್ಲಿ ಬಹುಮಂದಿಯ ಅಭ್ಯಾಸ. ಕಾಲೇಜಿಗೆ ಹೊತ್ತಾಯಿತು ಎಂಬ ಅವಸರ. ಮೈಯೊರೆಸುವಾಗ ಬೆನ್ನು, ತಲೆ ಒರೆಸಿ ಸಂದುಗಳನ್ನು ಮರೆಯುತ್ತೇವೆ. ಕಂಕುಳು, ತೊಡೆಸಂದು, ಕಾಲ್ಬೆರಳ ನಡುವೆ ಮೆತ್ತನೆಯ ಒಣ ಬಟ್ಟೆಯನ್ನು ಒತ್ತಿ ಒತ್ತಿ ಒರೆಸಿ, ಉಜ್ಜಬೇಡಿ. ಒಂದೆರಡು ನಿಮಿಷ ಫ್ಯಾನಿನ ಗಾಳಿಗೆ ನಿಂತು ಆಮೇಲೆ ಬಟ್ಟೆ ತೊಡಿ. ಸೋಪನ್ನು ಸಂದುಗಳಲ್ಲಿ ಉಳಿಯದಂತೆ ಚೆನ್ನಾಗಿ ತೊಳೆಯಿರಿ. ಸಾಧಾರಣ ಸೋಪು ಕ್ಷಾರೀಯ. ಪದೇ ಪದೇ ತಿಕ್ಕಿ ತಿಕ್ಕಿ ತೊಳೆದರೆ ಚರ್ಮದ ಆಮ್ಲೀಯತೆ ಕುಂದಿ ತೊಂದರೆ ಹೆಚ್ಚುತ್ತದೆ.

ಒಳಉಡುಪು ಹತ್ತಿಯದಾಗಿರಲಿ, ಬಿಗಿಯಾಗದಿರಲಿ. ಪ್ರತಿದಿನ ಬದಲಿಸಿ. ಆಟ, ವ್ಯಾಯಾಮ ಅಥವಾ ದೂರದ ಬಸ್ ಪ್ರಯಾಣದಿಂದ ಬೆವರಿದ್ದರೆ ಮತ್ತೊಮ್ಮೆ ಬದಲಿಸಿ. ಮೈಗಂಟುವ ಜೀನ್ಸ್ ಪ್ಯಾಂಟನ್ನು ಬೇಸಿಗೆಯಲ್ಲಿ ದಿನವಿಡೀ ತೊಟ್ಟರೆ ತೊಡೆಸಂದಿಗೆ ಗಾಳಿಯೇ ಇಲ್ಲ. ಸಾಕ್ಸನ್ನೂ ನಿತ್ಯ ಒಗೆಯಿರಿ. ಒದ್ದೆ ಬೂಟು ಒಣಗುವವರೆಗೆ ಚಪ್ಪಲಿ ಹಾಕಿಕೊಳ್ಳಿ. ಕಾಲ್ಬೆರಳ ನಡುವೆ ಶಿಲೀಂಧ್ರದ ಸೋಂಕು ಇದ್ದವರು ಮೊದಲು ಸಾಕ್ಸ್ ಧರಿಸಿ ಆಮೇಲೆ ಒಳಉಡುಪು ಏರಿಸುವುದು ಒಳ್ಳೆಯದು. ಇಲ್ಲವಾದರೆ ಕಾಲಿನ ಸೋಂಕು ಬಟ್ಟೆಗೆ ತಾಗಿ ತೊಡೆಸಂದಿಗೆ ಏರುತ್ತದೆ.

ಈಗ ವಿದ್ಯಾರ್ಥಿನಿಯರಿಗೆ ಒಂದು ಮಾತು. ಹಾಸ್ಟೆಲುಗಳಲ್ಲಿ, ಮನೆಗಳಲ್ಲಿ ಕೂಡ, ಒಳಉಡುಪನ್ನು ಬಚ್ಚಲುಮನೆಯ ಮೂಲೆಯಲ್ಲೋ ಮಂಚದ ಸರಳಿನ ಮೇಲೋ ದುಪಟ್ಟಾ, ಸೀರೆಗಳ ಕೆಳಗೋ ಮರೆಮಾಡಿ ಒಣಗಿಸುವ ಪದ್ಧತಿ ಇದೆ. ಹಾಗೆ ಒಣಗಿಸಿದ ಬಟ್ಟೆ ಅರ್ಧ ಒದ್ದೆಯಾಗಿಯೇ ಮೈಗೇರುತ್ತದೆ. ಬಿಸಿಲು ಮತ್ತು ಗಾಳಿ ಪುಕ್ಕಟೆಯಾಗಿ ಸಿಗುವ ಔಷಧಗಳು. ನಾಚಿಕೆಯ ಕಾರಣಕ್ಕೆ ಅವು ಹುಡುಗಿಯರ ಬಟ್ಟೆಗೆ ಮಾತ್ರ ಸಿಗದೆ ಹೋಗಬಾರದು. ಹಾಸ್ಟೆಲಿನ ವಾರ್ಡನ್ನರು ಬಿಸಿಲು ಬೀಳುವ, ಹೊರಗಿನವರ ಕಣ್ಣಿಗೆ ಬೀಳದ ಒಂದು ಮಹಡಿಯ ಮೂಲೆಯಲ್ಲಿ ಹಗ್ಗ ಕಟ್ಟಿಸಿಕೊಟ್ಟರೆ ಸಾಕು. ನೀವು ಗುಂಪಾಗಿ ಹೋಗಿ ಕೇಳಿ. ಇದು ಕೇಳಬೇಕಾದ ಬೇಡಿಕೆಯೇ. ಮುಟ್ಟಿನ ದಿನಗಳಲ್ಲಿ ಪ್ಯಾಡನ್ನು ಬಹಳ ಹೊತ್ತು ಬದಲಿಸದೆ ಇದ್ದರೂ ತೊಡೆಸಂದು ನೆನೆದು ಸವೆಯುತ್ತದೆ. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಿ.

ಮಳೆಗಾಲದಲ್ಲಿ ಬಿಸಿಲಿಲ್ಲದಿದ್ದರೆ ಒಳಉಡುಪನ್ನು ತಿರುವಿಹಾಕಿ ಒಳಮೈಗೆ ಇಸ್ತ್ರಿ ಮಾಡಿ. ತೇವವೂ ಹೋಗುತ್ತದೆ, ಶಾಖಕ್ಕೆ ಶಿಲೀಂಧ್ರವೂ ತಾಳುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಗಜಕರ್ಣವಿದ್ದರೆ ಅವರ ಬಟ್ಟೆ, ಟವೆಲ್, ಹೊದಿಕೆಗಳನ್ನು ಬೇರೆಯಾಗಿ ಬಿಸಿನೀರಿನಲ್ಲಿ ಒಗೆಯಬೇಕು. ನೀರು 60 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಇದ್ದರೆ ಶಿಲೀಂಧ್ರ ಸಾಯುತ್ತದೆ, ಬರೀ ಉಗುರುಬೆಚ್ಚಗಿನ ನೀರಿಗೆ ಅದು ಜಗ್ಗುವುದಿಲ್ಲ.

ಆರಂಭದಲ್ಲಿ ಏನು ಮಾಡಬೇಕು?

ಬರೀ ಕೆಂಪು, ಬರೀ ಉರಿ ಇದ್ದು ಗುಳ್ಳೆ, ಉಂಗುರ, ಕೀವು ಯಾವುದೂ ಇಲ್ಲದಿದ್ದರೆ ಅದು ತಿಕ್ಕಾಟದಿಂದಾದ ಸವೆತ. ತಣ್ಣೀರಿನಲ್ಲಿ ಮೃದುವಾಗಿ ತೊಳೆಯಿರಿ. ಒತ್ತಿ ಒರೆಸಿ ಪೂರ್ತಿ ಒಣಗಿಸಿ. ನವೆ ಹೆಚ್ಚಿದ್ದರೆ ತಣ್ಣೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಹತ್ತು ನಿಮಿಷ ಇಟ್ಟು, ಆಮೇಲೆ ಮತ್ತೆ ಒಣಗಿಸಿ. ಒಣಗಿದ ಮೇಲೆ ಜಿಂಕ್ ಆಕ್ಸೈಡ್ ಇರುವ ಮುಲಾಮನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ತೆಳ್ಳಗೆ ಸವರಿದರೆ ಚರ್ಮದ ನಡುವೆ ಒಂದು ತಡೆ ಉಂಟಾಗಿ ತಿಕ್ಕಾಟ ಕಡಿಮೆಯಾಗುತ್ತದೆ. ಒದ್ದೆ ಚರ್ಮದ ಮೇಲೆ ಇವನ್ನು ಹಚ್ಚಿದರೆ ಮಾತ್ರ ತೇವವನ್ನು ಒಳಗೇ ಮುಚ್ಚಿಟ್ಟಂತಾಗುತ್ತದೆ. ಮೆತ್ತನೆಯ ಹತ್ತಿಬಟ್ಟೆಯ ಪಟ್ಟಿಯನ್ನು ಮಡಿಕೆಯ ನಡುವೆ ಇಟ್ಟು, ಅದು ಒದ್ದೆಯಾದಾಗ ಬದಲಿಸುವುದೂ ಒಳ್ಳೆಯ ಉಪಾಯ. ಹಾಸಿಗೆ ಹಿಡಿದ ಅಜ್ಜ ಅಜ್ಜಿಯರ ಆರೈಕೆಯಲ್ಲಿ ಇದು ಬಹಳ ಉಪಯುಕ್ತ.

ಪೌಡರಿನ ಬಗ್ಗೆ ಎಚ್ಚರವಿರಲಿ. ಬೆವರಿನ ಮೇಲೆ ಸುರಿದ ಪೌಡರು ಉಂಡೆಗಟ್ಟಿ ಉಜ್ಜತೊಡಗುತ್ತದೆ. ಎಳೆಮಕ್ಕಳಿಗೆ ಪೌಡರು ಬೇಡ, ಅದರ ಧೂಳು ಉಸಿರಿನೊಂದಿಗೆ ಒಳಹೋಗುತ್ತದೆ. ಮಗುವಿನ ಕುತ್ತಿಗೆಯ ಮಡಿಕೆಯಲ್ಲಿ ಹಾಲು, ಜೊಲ್ಲು ನಿಲ್ಲದಂತೆ ಒರೆಸಿ ಒಣಗಿಸಿದರೆ ಸಾಕು.

ಮಾಡಬಾರದ ಕೆಲವು ಕೆಲಸಗಳೂ ಇವೆ. ನಿಂಬೆರಸ, ಜಜ್ಜಿದ ಬೆಳ್ಳುಳ್ಳಿ, ಸುಣ್ಣ, ನೀರು ಬೆರೆಸದ ಆಂಟಿಸೆಪ್ಟಿಕ್ ದ್ರಾವಣ ಇವನ್ನು ಸಂದುಗಳಿಗೆ ಹಚ್ಚಬೇಡಿ. ಮೊದಲೇ ಸವೆದ ಚರ್ಮ ಸುಟ್ಟಂತಾಗಿ ಬೊಬ್ಬೆ ಏಳುತ್ತದೆ. ‘ಉರಿಯುತ್ತಿದೆ ಎಂದರೆ ಔಷಧ ಕೆಲಸ ಮಾಡುತ್ತಿದೆ’ ಎಂಬುದು ತಪ್ಪು ನಂಬಿಕೆ.

ಟ್ಯೂಬಿನೊಳಗಿನ ಅಪಾಯ

ಈಗ ಇಂದಿನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಹಾಸ್ಟೆಲಿನ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ತೊಡೆಸಂದಿನಲ್ಲಿ ಗಜಕರ್ಣ ಆಗಿದೆ. ಕೋಣೆಯ ಗೆಳೆಯ ತನ್ನ ಟ್ಯೂಬನ್ನು ಕೊಡುತ್ತಾನೆ. ಹಚ್ಚಿದ ಎರಡೇ ದಿನಕ್ಕೆ ನವೆ ಮಾಯ, ಕೆಂಪು ಮಾಯ. ಹುಡುಗನಿಗೆ ಸಂತೋಷ. ಹಚ್ಚುವುದು ನಿಲ್ಲಿಸುತ್ತಾನೆ. ವಾರದಲ್ಲಿ ನವೆ ಮರಳುತ್ತದೆ, ಈ ಬಾರಿ ಇನ್ನಷ್ಟು ಅಗಲವಾಗಿ. ಮತ್ತೆ ಹಚ್ಚುತ್ತಾನೆ. ಹೀಗೆ ತಿಂಗಳುಗಳು ಕಳೆಯುತ್ತವೆ. ಸೋಂಕು ಸೊಂಟಕ್ಕೆ, ಹೊಟ್ಟೆಗೆ ಹಬ್ಬುತ್ತದೆ. ತೊಡೆಯ ಮೇಲೆ ಚರ್ಮ ಹರಿದಂತೆ ಉದ್ದುದ್ದ ಗೆರೆಗಳು ಮೂಡುತ್ತವೆ. ಮುಂದೆ ಗಜಕರ್ಣ ವಾಸಿಯಾದರೂ ಆ ಗೆರೆಗಳು ಅಳಿಸಿಹೋಗುವುದಿಲ್ಲ.

ಆ ಟ್ಯೂಬಿನಲ್ಲಿ ಇದ್ದದ್ದು ಸ್ಟೀರಾಯ್ಡ್. ಇದು ಕೆಟ್ಟ ಔಷಧವಲ್ಲ. 1952ರಲ್ಲಿ ಅಮೆರಿಕದ ಸುಲ್ಜ್‌ಬರ್ಗರ್ ಮತ್ತು ವಿಟ್ಟೆನ್ ಎಂಬ ವೈದ್ಯರು ಹೈಡ್ರೊಕಾರ್ಟಿಸೋನನ್ನು ಚರ್ಮಕ್ಕೆ ಹಚ್ಚಿ ಗುಣ ಕಂಡ ಮೇಲೆ ಎಕ್ಸಿಮಾದಂತಹ ರೋಗಗಳ ಚಿಕಿತ್ಸೆಯೇ ಬದಲಾಯಿತು. ಆದರೆ ಅದರ ಕೆಲಸ ದೇಹದ ಪ್ರತಿರೋಧವನ್ನು ತಗ್ಗಿಸುವುದು. ನವೆ, ಕೆಂಪು ಇವು ಶಿಲೀಂಧ್ರದ ವಿರುದ್ಧ ದೇಹ ನಡೆಸುವ ಹೋರಾಟದ ಚಿಹ್ನೆಗಳು. ಸ್ಟೀರಾಯ್ಡ್ ಹಚ್ಚಿದಾಗ ಹೋರಾಟ ನಿಲ್ಲುತ್ತದೆ, ಶಿಲೀಂಧ್ರ ಉಳಿಯುತ್ತದೆ. ಕಾವಲುಗಾರನನ್ನು ಮಲಗಿಸಿ ಕಳ್ಳನನ್ನು ಒಳಗೆ ಬಿಟ್ಟ ಹಾಗೆ. ಮಡಿಕೆಗಳಲ್ಲಿ ಚರ್ಮ ತೆಳು, ತೇವವೂ ಇದೆ, ಮುಚ್ಚಿಕೊಂಡೂ ಇದೆ. ಹೀಗಾಗಿ ಔಷಧ ಬೇರೆ ಕಡೆಗಿಂತ ಹೆಚ್ಚಾಗಿ ಒಳಸೇರಿ ಹೆಚ್ಚು ಹಾನಿ ಮಾಡುತ್ತದೆ. ಉಂಗುರದ ಆಕಾರವೂ ಕೆಟ್ಟುಹೋಗಿ ವೈದ್ಯರಿಗೂ ರೋಗ ಗುರುತಿಸುವುದು ಕಷ್ಟವಾಗುತ್ತದೆ.

ನಮ್ಮ ದೇಶದ ಅಂಗಡಿಗಳಲ್ಲಿ ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯಾಟಿಕ್ ಮೂರನ್ನೂ ಒಟ್ಟಿಗೆ ಬೆರೆಸಿದ ಮುಲಾಮುಗಳು ವರ್ಷಗಟ್ಟಲೆ ಚೀಟಿಯಿಲ್ಲದೆ ಮಾರಾಟವಾದವು. ಚರ್ಮರೋಗ ತಜ್ಞರ ರಾಷ್ಟ್ರೀಯ ಸಂಘ ಇದರ ವಿರುದ್ಧ ಒಂದು ಕಾರ್ಯಪಡೆಯನ್ನೇ ರಚಿಸಿತು. 2018ರಲ್ಲಿ ಕೇಂದ್ರ ಸರಕಾರ ಹಚ್ಚುವ ಸ್ಟೀರಾಯ್ಡುಗಳಲ್ಲಿ 14ನ್ನು ಔಷಧ ನಿಯಮಗಳ ‘ಎಚ್’ ಅನುಸೂಚಿಗೆ ತಂದು, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಮಾಡಿತು. ನಿಯಮ ಬಂದಿದೆ. ಆದರೆ ಕೋಣೆಯಿಂದ ಕೋಣೆಗೆ ಕೈಬದಲಾಗುವ ಟ್ಯೂಬನ್ನು ನಿಯಮ ತಡೆಯಲಾರದು. ಅದನ್ನು ತಡೆಯಬೇಕಾದವರು ನೀವು. ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಕ್ಲೊಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಎಂಬ ಹೆಸರು ಕಂಡರೆ ಅದು ಸ್ಟೀರಾಯ್ಡ್. ವೈದ್ಯರು ನಿಮಗೆಂದು ಬರೆದುಕೊಡದೆ ಅದನ್ನು ಮುಟ್ಟಬೇಡಿ. ಈಗಾಗಲೇ ಬಹಳ ದಿನದಿಂದ ಬಳಸುತ್ತಿದ್ದರೆ ಆ ಟ್ಯೂಬನ್ನು ವೈದ್ಯರಿಗೆ ತೋರಿಸಿ.

ಇದರ ಇನ್ನೊಂದು ಮುಖವೂ ಇದೆ. ಅರೆಬರೆ ಚಿಕಿತ್ಸೆಯಲ್ಲಿ ದುರ್ಬಲ ಶಿಲೀಂಧ್ರ ಸಾಯುತ್ತದೆ, ಔಷಧಕ್ಕೆ ಬಗ್ಗದವು ಉಳಿದು ಬೆಳೆಯುತ್ತವೆ. ಜೀವಶಾಸ್ತ್ರದಲ್ಲಿ ನೀವು ಓದಿದ ನಿಸರ್ಗದ ಆಯ್ಕೆ ಇಲ್ಲಿ ನಮ್ಮ ತೊಡೆಸಂದಿನಲ್ಲೇ ನಡೆಯುತ್ತದೆ. ಟರ್ಬಿನಾಫಿನ್ ಎಂಬ ಮುಖ್ಯ ಔಷಧಕ್ಕೆ ಹಲವು ಸಲ ಜಗ್ಗದ ಒಂದು ಗಜಕರ್ಣದ ಜಾತಿಗೆ 2020ರಲ್ಲಿ ಜಪಾನಿನ ಸಂಶೋಧಕರು ‘ಟ್ರೈಕೊಫೈಟಾನ್ ಇಂಡೊಟಿನಿಯೆ’ ಎಂದು ಹೆಸರಿಟ್ಟರು. ಹೆಸರಿನಲ್ಲೇ ಭಾರತವಿದೆ. 2023ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಎರಡು ಪ್ರಕರಣಗಳು ವರದಿಯಾದವು. ಸ್ಟೀರಾಯ್ಡ್ ಬೆರೆತ ಮುಲಾಮುಗಳ ದುರ್ಬಳಕೆ ಇದರ ಹರಡುವಿಕೆಗೆ ಒಂದು ಕಾರಣವೆಂದು ತಜ್ಞರು ಭಾವಿಸುತ್ತಾರೆ. ಒಂದು ಹಾಸ್ಟೆಲ್ ಕೋಣೆಯ ಗುಟ್ಟು ಎಷ್ಟು ದೂರ ಹೋಗಬಲ್ಲದು, ಯೋಚಿಸಿ.

ವೈದ್ಯರ ಮುಂದೆ

ಒಂದು ವಾರದ ಆರೈಕೆಯಲ್ಲಿ ಕಡಿಮೆಯಾಗದಿದ್ದರೆ, ಉಂಗುರದಂತೆ ಹಬ್ಬುತ್ತಿದ್ದರೆ, ಕೀವು, ವಾಸನೆ, ಜ್ವರ, ಹೆಚ್ಚುವ ನೋವು ಇದ್ದರೆ, ಮತ್ತೆ ಮತ್ತೆ ಬರುತ್ತಿದ್ದರೆ ವೈದ್ಯರ ಬಳಿಗೆ ಹೋಗಲೇಬೇಕು. ಸಕ್ಕರೆ ಕಾಯಿಲೆಯವರು ಒಂದು ವಾರವೂ ಕಾಯಬಾರದು. ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗವಿರುತ್ತದೆ.

ಅಲ್ಲಿ ನಡೆಯುವ ಪರೀಕ್ಷೆಗೆ ಹೆದರುವ ಕಾರಣವಿಲ್ಲ. ಅಂಚಿನ ಹೊಟ್ಟನ್ನು ಮೆಲ್ಲಗೆ ಕೆರೆದು ಗಾಜಿನ ಪಟ್ಟಿಯ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಹಾಕುತ್ತಾರೆ. ಅದು ಚರ್ಮದ ಕೋಶಗಳನ್ನು ಕರಗಿಸುತ್ತದೆ, ಶಿಲೀಂಧ್ರದ ಎಳೆಗಳು ಉಳಿದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ನಿಮ್ಮ ಕಾಲೇಜಿನ ಪ್ರಯೋಗಾಲಯದ ಸಲಕರಣೆಗಳಿಗಿಂತ ಹೆಚ್ಚಿನದೇನೂ ಬೇಕಿಲ್ಲ.

ಏನೆಂದು ಹೇಳಬೇಕು ಎಂಬ ಅಳುಕಿದ್ದರೆ ಹೀಗೆ ಹೇಳಿ: ‘ಡಾಕ್ಟ್ರೇ, ತೊಡೆಸಂದಿನಲ್ಲಿ ಇಷ್ಟು ದಿನದಿಂದ ನವೆ ಇದೆ, ಇಂಥ ಮುಲಾಮು ಹಚ್ಚಿದ್ದೆ.’ ಇಷ್ಟು ಸಾಕು. ವೈದ್ಯರಿಗೆ ತೊಡೆಸಂದೂ ಮೊಣಕೈಯೂ ಒಂದೇ. ಹುಡುಗಿಯರು ಮಹಿಳಾ ವೈದ್ಯರೇ ಬೇಕೆಂದೋ ಪರೀಕ್ಷೆಯ ವೇಳೆ ದಾದಿಯೊಬ್ಬರು ಜೊತೆಗಿರಲೆಂದೋ ಕೇಳಬಹುದು. ಹಾಗೆ ಕೇಳುವುದು ತಪ್ಪಲ್ಲ.

ಗಜಕರ್ಣಕ್ಕೆ ಔಷಧ ಕೊಟ್ಟಾಗ ಕಣ್ಣಿಗೆ ಕಾಣುವ ಕಲೆಯ ಮೇಲಷ್ಟೇ ಅಲ್ಲ, ಅಂಚಿನಿಂದ ಒಂದೆರಡು ಸೆಂಟಿಮೀಟರ್ ಹೊರಗೂ ಹಚ್ಚಿ. ವಾಸಿಯಾದಂತೆ ಕಂಡ ಮೇಲೂ ಸಾಮಾನ್ಯವಾಗಿ ಸುಮಾರು ಎರಡು ವಾರ ಮುಂದುವರಿಸಲು ವೈದ್ಯರು ಹೇಳುತ್ತಾರೆ. ನಡುವೆ ನಿಲ್ಲಿಸಬೇಡಿ. ಮನೆಯಲ್ಲಿ, ಕೋಣೆಯಲ್ಲಿ ಇನ್ನಾರಿಗಾದರೂ ನವೆ ಇದ್ದರೆ ಎಲ್ಲರೂ ಒಟ್ಟಿಗೆ ಚಿಕಿತ್ಸೆ ಪಡೆಯಿರಿ. ಇಲ್ಲದಿದ್ದರೆ ಒಬ್ಬರಿಗೆ ವಾಸಿಯಾದದ್ದು ಇನ್ನೊಬ್ಬರಿಂದ ಮರಳಿ ಬರುತ್ತದೆ.

ಮಿತ್ರರೆ, ಈ ಮಾತುಗಳಲ್ಲಿ ಒಂದನ್ನಾದರೂ ಇಂದು ಸಂಜೆ ಮನೆಯಲ್ಲಿ ಹೇಳಿ. ಅಜ್ಜಿಗೆ, ತಮ್ಮನಿಗೆ, ಕೋಣೆಯ ಗೆಳತಿಗೆ ಹೇಳಿ. ಅವರಲ್ಲಿ ಯಾರೋ ಒಬ್ಬರು ಬಹಳ ದಿನಗಳಿಂದ ಹೇಳಿಕೊಳ್ಳಲಾಗದೆ ಕಾಯುತ್ತಿರಬಹುದು. ನೀವು ಮೊದಲು ಬಾಯಿಬಿಟ್ಟರೆ ಅವರಿಗೂ ಮಾತು ಬರುತ್ತದೆ.